ಹಾಡು ಬರುತ್ತದೆ, ಮಾತು ಬರುವುದಿಲ್ಲ: ಮಾತು ತಡವಾದ ಮಕ್ಕಳಿಗೆ ಸಂಗೀತವನ್ನು ಬಳಸುವ ಕ್ರಮ

ಮೊಬೈಲಿನಲ್ಲಿ ಕೇಳಿದ ಹಾಡನ್ನು ಮೂರೂವರೆ ವರ್ಷದ ಮಗು ಮೊದಲಿಂದ ಕೊನೆಯವರೆಗೆ ಒಪ್ಪಿಸುತ್ತದೆ. ಬಾಯಾರಿದಾಗ ಮಾತ್ರ ಅಮ್ಮನ ಕೈ ಹಿಡಿದು ನೀರಿನ ಫಿಲ್ಟರ್ ಹತ್ತಿರ ಎಳೆದೊಯ್ಯುತ್ತದೆಯೇ ಹೊರತು ‘ನೀರು’ ಅನ್ನುವುದಿಲ್ಲ. ತಂದೆತಾಯಿ, ಅಂಗನವಾಡಿ ಕಾರ್ಯಕರ್ತೆಯರು, ಸಂಗೀತದ ಮೇಷ್ಟ್ರು ಎಲ್ಲರೂ ಎಡವುವುದು ಇಲ್ಲೇ. ಹಾಡು ಕಲಿಸುವುದರಲ್ಲಿ ಸೋಲುವವರು ಕಡಿಮೆ. ಹಾಡಿನಿಂದ ಮಾತಿಗೆ ದಾಟಿಸುವಾಗ ಸೋಲುತ್ತಾರೆ.

ಇಲ್ಲಿರುವ ಕ್ರಮ 3ರಿಂದ 6 ವರ್ಷದ, ಕನ್ನಡ ಕೇಳಿಕೊಂಡು ಬೆಳೆಯುತ್ತಿರುವ ಮಕ್ಕಳಿಗೆ. ವಾಕ್ ಚಿಕಿತ್ಸೆ ನಡೆಯುತ್ತಿದ್ದರೆ ಅದರ ಜೊತೆಗೆ ಇದನ್ನು ಮಾಡಿ. ಚಿಕಿತ್ಸೆ ಬಿಡಿಸಿ ಮಾಡುವಂಥದ್ದಲ್ಲ ಇದು. ಹೇಳಿಕೊಡುವವರು ಸಂಗೀತಗಾರರಾಗಿರಬೇಕಿಲ್ಲ. ಶ್ರುತಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ, ತಾಳ ಮಾತ್ರ ಒಂದೇ ಸಮ ಇರಬೇಕು.

ಮೊದಲು ಕಿವಿ, ಆಮೇಲೆ ಹಾಡು

‘ಹಾಡು ಹಾಕಿದರೆ ಕುಣಿಯುತ್ತಾನೆ, ಹಾಗಾಗಿ ಕಿವಿ ಸರಿಯಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಡೋಲಿನ ದಪ್ಪ ಸದ್ದು ಕೇಳುವ ಮಗುವಿಗೆ ಸ, ಶ, ಚ ತರಹದ ಸಣ್ಣ, ತೀಕ್ಷ್ಣ ಸದ್ದುಗಳು ಕೇಳದೇ ಇರಬಹುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಪರದೆಯ ಹಿಂದೆ ನೀರು ನಿಂತು ವಾರಗಟ್ಟಲೆ ಮಂದವಾಗಿ ಕೇಳಿಸುತ್ತಿರಬಹುದು. ನೋವಿಲ್ಲದ ಕಾರಣ ಅದು ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಶ್ರವಣ ಪರೀಕ್ಷೆ ಮೊದಲು. ಮಗು ಉತ್ತರಿಸದಿದ್ದರೂ, ನಿದ್ದೆ ಮಾಡುತ್ತಿದ್ದರೂ ಮಾಡಬಹುದಾದ ಒಎಇ ಮತ್ತು ಬೆರಾ ಎಂಬ ಪರೀಕ್ಷೆಗಳಿವೆ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತು ಎರಡರ ತಪಾಸಣೆಯೂ ಒಂದೇ ಕಡೆ ಆಗುತ್ತದೆ. ದೂರದವರು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ಕೇಳಬಹುದು. ಆ ತಂಡ ಹೆಚ್ಚಿನ ತಪಾಸಣೆಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತದೆ.

ಈ ಕೆಳಗಿನವು ಕಂಡರೆ ಹಾಡು ತಾಳ ಎಂದು ಕಾಯದೆ ಮೊದಲು ತಜ್ಞರ ಹತ್ತಿರ ಹೋಗಿ:

- ಎರಡು ವರ್ಷವಾದರೂ ‘ಅಮ್ಮ ಬಾ’, ‘ಹಾಲು ಬೇಕು’ ತರಹದ ಎರಡು ಪದದ ಜೋಡಣೆ ಇಲ್ಲ.
- ಬಂದಿದ್ದ ಮಾತು ಹೋಗಿದೆ. ಯಾವ ವಯಸ್ಸಿನಲ್ಲಾದರೂ ಸರಿ, ಇದನ್ನು ಒಂದು ವಾರವೂ ಮುಂದೂಡಬಾರದು.
- ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದದ್ದನ್ನು ಬೆರಳು ತೋರಿಸಿ ಕೇಳುವುದಿಲ್ಲ.
- ಮೂರು ವರ್ಷ ಕಳೆದರೂ ಮನೆಯವರ ಹೊರತು ಬೇರೆ ಯಾರಿಗೂ ಮಾತು ಅರ್ಥವಾಗುವುದಿಲ್ಲ.
- ಮಾತು ಮೂಗಿನಿಂದ ಬರುತ್ತದೆ, ಇಲ್ಲವೇ ಕುಡಿದ ಹಾಲು ಮೂಗಿಗೆ ಬರುತ್ತದೆ.

ಬಜೆ ತೇಯ್ದು ನಾಲಿಗೆಗೆ ಹಚ್ಚುವುದರಿಂದ ಮಾತು ಬರುವುದಿಲ್ಲ. ನಾಲಿಗೆಯ ಅಡಿಯ ಕಟ್ಟು ಬಿಡಿಸಿದರೆ ಮಾತು ಬಂದೇ ಬಿಡುತ್ತದೆ ಎಂಬುದೂ ಹೆಚ್ಚಿನ ಮಕ್ಕಳ ವಿಷಯದಲ್ಲಿ ನಿಜವಲ್ಲ. ಪದ ಗೊತ್ತಿಲ್ಲದ ಮಗುವಿಗೆ ನಾಲಿಗೆ ಎಷ್ಟು ಸಡಿಲವಾದರೂ ಪದ ಸಿಗುವುದಿಲ್ಲ.

ಬೇಕಾದ ಸಾಮಾನು

ಪಟ್ಟಿ ಚಿಕ್ಕದು. ಮುಚ್ಚಳವಿರುವ, ಒಳಗೆ ಏನಿದೆ ಎಂದು ಕಾಣದ ಒಂದು ಸ್ಟೀಲ್ ಡಬ್ಬಿ. ತಟ್ಟಲು ಒಂದು ಖಂಜಿರ ಅಥವಾ ಬೋರಲು ಹಾಕಿದ ಪ್ಲಾಸ್ಟಿಕ್ ಬಕೆಟ್. ಒಂದು ಜೊತೆ ಕೋಲಾಟದ ಕೋಲು. ಮಗುವಿನ ಮುಖವೂ ನಿಮ್ಮ ಮುಖವೂ ಒಟ್ಟಿಗೆ ಕಾಣುವಷ್ಟು ದೊಡ್ಡ ಕನ್ನಡಿ. ಮನೆಯಲ್ಲಿ ದಿನಾ ಬಳಸುವ ಐದು ವಸ್ತು. ಮೊಬೈಲಿನಲ್ಲಿ ತಾಳ ಎಣಿಸುವ ಮೆಟ್ರೋನೋಮ್ ಆ್ಯಪ್. ಇದು ನಿಮ್ಮ ಅಭ್ಯಾಸಕ್ಕೆ ಮಾತ್ರ, ಮಗುವಿನ ಕಣ್ಣಿಗೆ ಮೊಬೈಲ್ ಬೀಳಬಾರದು.

ಹಿತ್ತಾಳೆಯ ತಾಳವನ್ನು ಮಗುವಿನ ಕಿವಿಯ ಹತ್ತಿರ ಬಾರಿಸಬೇಡಿ. ರಾಗಿ, ಅವರೆಕಾಳು ತುಂಬಿದ ಗಿಲಕಿ ಮಾಡಿಕೊಂಡರೆ ಮುಚ್ಚಳವನ್ನು ಟೇಪಿನಿಂದ ಭದ್ರವಾಗಿ ಸುತ್ತಿ. ಕಾಳು ಗಂಟಲಿಗೆ, ಮೂಗಿಗೆ ಹೋಗುವುದು ಅಪರೂಪವೇನಲ್ಲ. ಊದುವ ಪೀಪಿ ಬೇಡ. ಮೇಣದಬತ್ತಿ ಊದಿಸುವುದು, ಪೀಪಿ ಊದಿಸುವುದು ಮಾತಿಗೆ ಬಾಯಿಯನ್ನು ಪಳಗಿಸುತ್ತದೆ ಎಂದು ಹಲವರು ಮಾಡಿಸುತ್ತಾರೆ. ಊದುವುದರಿಂದ ಊದುವುದು ಬರುತ್ತದೆ, ಅಷ್ಟೇ.

ಹಂತ 1: ಐದು ಪದ ಆರಿಸಿ, ಭಾಷೆ ನಿರ್ಧರಿಸಿ

ಹಾಡು ಆರಿಸಿ ಆಮೇಲೆ ಪದ ಹುಡುಕುವುದು ಉಲ್ಟಾ ಕ್ರಮ. ಮೊದಲು ಮಗುವಿಗೆ ದಿನಕ್ಕೆ ಹತ್ತು ಸಲ ಬೇಕಾಗುವ ಐದು ಪದ ಬರೆದುಕೊಳ್ಳಿ. ಅದರಲ್ಲಿ ಮೂರು ವಸ್ತುವಿನ ಹೆಸರು (ಹಾಲು, ಚೆಂಡು, ಹಣ್ಣು), ಒಂದು ಕೆಲಸ (ತೆಗಿ, ಬಾ), ಒಂದು ಮನೆಯವರ ಹೆಸರು ಇರಲಿ. ಎಲ್ಲವೂ ವಸ್ತುವಿನ ಹೆಸರೇ ಆದರೆ ಮುಂದೆ ಎರಡು ಪದ ಜೋಡಿಸಲು ಆಗುವುದಿಲ್ಲ. ಹದಿನೈದು ದಿನ ಇದೇ ಐದು. ಬಣ್ಣ, ವಾರ, ಅಂಕಿ ಇವೆಲ್ಲ ಬೇಡ. ‘ಸೋಮವಾರ’ ಎಂದು ಹೇಳಿ ಮಗುವಿಗೆ ಸಿಗುವುದು ಏನೂ ಇಲ್ಲ.

ಪದ ನಿಮ್ಮ ಮನೆಯಲ್ಲಿ ಆಡುವ ರೂಪದಲ್ಲೇ ಇರಲಿ. ಅಮ್ಮನಿಗೋ ಅಮ್ಮಂಗೋ ಅವ್ವಗೋ, ಮನೆಯಲ್ಲಿ ಹೇಗೋ ಹಾಗೆ. ಮನೆಮಾತು ತುಳು, ಕೊಂಕಣಿ, ಉರ್ದು, ತೆಲುಗು ಆಗಿದ್ದರೆ ಹಾಡೂ ಅದರಲ್ಲೇ ಇರಲಿ, ಕ್ರಮ ಇದೇ. ‘ಎರಡು ಭಾಷೆಯಿಂದ ಗೊಂದಲವಾಗಿದೆ, ಇಂಗ್ಲಿಷ್ ಒಂದೇ ಮಾತಾಡಿ’ ಎಂಬ ಸಲಹೆ ಬೆಂಗಳೂರಿನಿಂದ ಹಿಡಿದು ಹೊರದೇಶದ ಕನ್ನಡ ಮನೆಗಳವರೆಗೂ ಓಡಾಡುತ್ತಿದೆ. ಎರಡು ಭಾಷೆ ಕೇಳುವುದರಿಂದ ಭಾಷೆಯ ತೊಂದರೆ ಹುಟ್ಟುವುದಿಲ್ಲ. ಅಜ್ಜಿಗೆ ಬಾರದ ಭಾಷೆಗೆ ಮನೆಯನ್ನು ಬದಲಿಸಿದರೆ ಮಗುವಿನ ಜೊತೆ ಹೆಚ್ಚು ಹೊತ್ತು ಮಾತಾಡುವವರೇ ಇಲ್ಲವಾಗುತ್ತಾರೆ.

ಹಂತ 2: ಮಗುವಿನ ಲಯವನ್ನು ನೀವು ಹಿಡಿಯಿರಿ

ಮಾತು ಇನ್ನೂ ಬೇಡ. ಮೂರು ನಾಲ್ಕು ದಿನ ತಟ್ಟುವುದು ಮಾತ್ರ.

ಬಕೆಟ್ ಬೋರಲು ಹಾಕಿ ಮಗು ಹೇಗೆ ತಟ್ಟುತ್ತದೆ ನೋಡಿ. ನಾಲ್ಕೈದು ವರ್ಷದ ಮಕ್ಕಳು ತಾವಾಗಿ ತಟ್ಟುವ ವೇಗ ದೊಡ್ಡವರದಕ್ಕಿಂತ ಹೆಚ್ಚು. ಸಂಗೀತದ ಮೇಷ್ಟ್ರು ವಿಳಂಬ ಕಾಲದಲ್ಲಿ ಆದಿತಾಳ ಹಾಕಿಸಿ ‘ಇದಕ್ಕೆ ತಾಳಜ್ಞಾನವೇ ಇಲ್ಲ’ ಅನ್ನುವುದು ಇದಕ್ಕೇ. ಎರಡು ತಟ್ಟಿನ ನಡುವೆ ಅಷ್ಟು ಹೊತ್ತು ಕಾಯುವುದು ಆ ವಯಸ್ಸಿಗೆ ಆಗದ ಕೆಲಸ. ಮಗು ತಟ್ಟಿದ ವೇಗಕ್ಕೆ ನೀವು ಸೇರಿಕೊಳ್ಳಿ. ಸಾಮಾನ್ಯವಾಗಿ ನಿಮಿಷಕ್ಕೆ 100ಕ್ಕಿಂತ ಹೆಚ್ಚೇ ಇರುತ್ತದೆ. ಒಂದು ನಿಮಿಷ ಒಟ್ಟಿಗೆ ತಟ್ಟಿ, ಥಟ್ಟನೆ ನಿಲ್ಲಿಸಿ, ಮಗುವಿನ ಮುಖ ನೋಡಿ. ಮಗುವೂ ನಿಲ್ಲಿಸಿ ನಿಮ್ಮನ್ನು ನೋಡಿತೆಂದರೆ ಮೊದಲ ಗೆಲುವು ಸಿಕ್ಕಿತು. ಮುಂದಿನ ಎಲ್ಲಾ ಹಂತಗಳೂ ಈ ನಿಲ್ಲಿಸುವಿಕೆಯ ಮೇಲೆ ನಿಂತಿವೆ.

ಮಾತಿಗೂ ತಾಳಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ: ಭಾಷೆಯ ತೊಂದರೆ ಇರುವ ಮಕ್ಕಳಲ್ಲಿ ಹಲವರಿಗೆ ಲಯಕ್ಕೆ ಸರಿಯಾಗಿ ತಟ್ಟುವುದೂ ಕಷ್ಟ ಎಂಬುದನ್ನು 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿದೆ. ಫ್ರೆಂಚ್ ಮಾತಾಡುವ ಮಕ್ಕಳ ಮೇಲಿನ 2013ರ ಪ್ರಯೋಗದಲ್ಲಿ, ಒಂದೇ ಸಮದ ಲಯ ಕೇಳಿಸಿಕೊಂಡ ಬೆನ್ನಿಗೇ ವಾಕ್ಯ ಕೇಳಿದ ಮಕ್ಕಳು ವಾಕ್ಯದ ತಪ್ಪನ್ನು ಹೆಚ್ಚು ಸರಿಯಾಗಿ ಗುರುತಿಸಿದರು. ಲಯ ಏರುಪೇರಾದ ಸಂಗೀತದ ನಂತರ ಅಷ್ಟು ಆಗಲಿಲ್ಲ. ಇದರಿಂದ ನಮಗೆ ಸಿಗುವ ಕೆಲಸದ ಮಾತು ಇಷ್ಟೇ: ಪದಕ್ಕೆ ಮುಂಚೆ ಅರ್ಧ ನಿಮಿಷ ಸಮವಾಗಿ ತಟ್ಟಿ.

ಹಂತ 3: ಬಾಯಿ ಹೇಳುವಂತೆ ಚಪ್ಪಾಳೆ, ಸ್ಲೇಟು ಹೇಳುವಂತೆ ಅಲ್ಲ

ಈಗ ಆರಿಸಿದ ಐದು ಪದಗಳನ್ನು ಒಂದೊಂದಾಗಿ ತಟ್ಟಿ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ, ಒತ್ತು ಬಿಟ್ಟುಹೋದರೆ ಪದವೇ ಬೇರೆ ಆಗುತ್ತದೆ. ಹಾಗಾಗಿ ಚಪ್ಪಾಳೆಯೂ ಮೂರು ಬಗೆ ಇರಬೇಕು.

ಹ್ರಸ್ವಕ್ಕೆ ಚಟ್ಟನೆ ತಟ್ಟಿ ಕೈ ಬಿಡಿ: ಬ–ಳೆ.

ದೀರ್ಘಕ್ಕೆ ತಟ್ಟಿ, ಜಾಗಟೆ ಮೊಳಗಿದ ಹಾಗೆ ಕೈಗಳನ್ನು ಮೆಲ್ಲಗೆ ಅಗಲಕ್ಕೆ ಎಳೆಯಿರಿ: ಬಾ…–ಳೆ.

ಒತ್ತಕ್ಷರಕ್ಕೆ ಮೊದಲ ತಟ್ಟಿನಲ್ಲಿ ಕೈ ಹಾಗೇ ಅಂಟಿಸಿ ಹಿಡಿದು, ಆಮೇಲೆ ಎರಡನೆಯದನ್ನು ತಟ್ಟಿ: ಹಣ್–ಣು. ಬರೆಯುವಾಗ ಹ–ಣ್ಣು ಎಂದು ಬಿಡಿಸುತ್ತೇವೆ, ಆದರೆ ಉಸಿರು ತಡೆಯುವುದು ‘ಹಣ್’ ಆದ ಮೇಲೆ. ಶಾಲೆಯ ಅಭ್ಯಾಸದಿಂದ ಶಿಕ್ಷಕರು ಅತಿ ಹೆಚ್ಚು ತಪ್ಪುವುದು ಇಲ್ಲಿ.

ಪದ ಬಂದ ಮೇಲೆ ಜೋಡಿಗಳನ್ನು ಆಟಕ್ಕೆ ತನ್ನಿ: ಬಳೆ–ಬಾಳೆ, ಹಲ್ಲು–ಹಾಲು, ಕಲ್ಲು–ಕಾಲು. ಎರಡೂ ವಸ್ತುಗಳನ್ನು ಅಥವಾ ಚಿತ್ರಗಳನ್ನು ಮುಂದಿಟ್ಟು, ಒಂದನ್ನು ತಟ್ಟುತ್ತಾ ಹೇಳಿ, ಮಗು ಸರಿಯಾದದ್ದನ್ನು ಮುಟ್ಟಲಿ. ಇಲ್ಲಿ ಮಗು ಮಾತಾಡಲೇಬೇಕೆಂದಿಲ್ಲ. ಹತ್ತರಲ್ಲಿ ಎಂಟು ಸಲ ಸರಿಯಾಗಿ ಮುಟ್ಟಿದರೆ ಕಿವಿ ವ್ಯತ್ಯಾಸ ಹಿಡಿಯುತ್ತಿದೆ ಎಂದು ಅರ್ಥ. ಒಂದು ವಾರವಾದರೂ ಐದಾರಕ್ಕಿಂತ ಮೇಲೇರದಿದ್ದರೆ ಅದು ಊಹೆಯ ಲೆಕ್ಕ. ಶ್ರವಣ ಪರೀಕ್ಷೆ ಇನ್ನೊಮ್ಮೆ ಮಾಡಿಸಿ.

ಸಿನಿಮಾ ಧಾಟಿಗೆ ಪದ ತುಂಬುವವರಿಗೆ ಒಂದು ಎಚ್ಚರಿಕೆ. ಉದ್ದ ಸ್ವರದ ಮೇಲೆ ‘ಬಳೆ’ ಕೂರಿಸಿದರೆ ಅದು ಬಾಳೆಯೇ ಆಗುತ್ತದೆ. ದೊಡ್ಡವರ ಕಿವಿ ಅದನ್ನು ತಿದ್ದಿಕೊಳ್ಳುತ್ತದೆ, ಪದ ಇನ್ನೂ ಗಟ್ಟಿಯಾಗದ ಮಗುವಿನ ಕಿವಿ ತಿದ್ದಿಕೊಳ್ಳುವುದಿಲ್ಲ.

ಹಂತ 4: ಡಬ್ಬಿಯ ಹಾಡು, ಖಾಲಿ ತಟ್ಟು

ಇಡೀ ಮಾರ್ಗದಲ್ಲಿ ಹೆಚ್ಚು ದಿನ ನಿಲ್ಲಬೇಕಾದ ಜಾಗ ಇದು. ಹಾಡಿಗೆ ಒಂದೇ ಸಾಲು: ‘ಒಳಗೇನಿದೆ?’

ನಾಲ್ಕು ತಟ್ಟಿಗೆ ಹೀಗೆ ಕೂರುತ್ತದೆ (ಖಾಲಿ ಎಂದರೆ ತಟ್ಟು ಮಾತ್ರ, ಪದವಿಲ್ಲ):

ಒಳ | ಗೇ | ನಿದೆ | (ಖಾಲಿ)

ಉತ್ತರಕ್ಕೂ ನಾಲ್ಕು ತಟ್ಟು:

ಹಾ | ಲು | (ಖಾಲಿ) | (ಖಾಲಿ)

ವೇಗ ನಿಮಿಷಕ್ಕೆ 100 ತಟ್ಟು. ಮಗು ತಡವರಿಸಿದರೆ 80ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ರಾಗಕ್ಕೆ ಎರಡೇ ಸ್ವರ ಸಾಕು. ಮೋಹನ ರಾಗದ ಪ ಮತ್ತು ಗ. ಒ–ಪ, ಳ–ಪ, ಗೇ–ಗ, ನಿ–ಪ, ದೆ–ಗ. ದೂರದಲ್ಲಿರುವವರನ್ನು ಎಳೆದು ಕರೆಯುವಾಗ ದನಿ ತಾನಾಗಿ ಹೀಗೇ ಇಳಿಯುತ್ತದೆ, ಮಕ್ಕಳಿಗೆ ಸುಲಭ. ಷಡ್ಜವನ್ನು, ಅಂದರೆ ಸ ಸ್ವರವನ್ನು, ಹಾರ್ಮೋನಿಯಂನ ಬಿಳಿ ಎರಡಕ್ಕೆ (ಪಾಶ್ಚಾತ್ಯ ಲೆಕ್ಕದ ಡಿ) ಇಟ್ಟುಕೊಂಡರೆ ಈ ಎರಡೂ ಸ್ವರ ಮಗುವಿನ ಗಂಟಲಿಗೆ ಹಿತವಾದ ಎತ್ತರದಲ್ಲಿ ಸಿಗುತ್ತವೆ. ಅಪ್ಪ ಅಥವಾ ಮೇಷ್ಟ್ರು ಕೆಳಸ್ಥಾಯಿಯ ದಪ್ಪ ದನಿಯಲ್ಲಿ ಹಾಡಿದಾಗ ಕೆಲವು ಮಕ್ಕಳು ಅದನ್ನು ಅನುಕರಿಸಲು ಹೋಗಿ ಗೊಗ್ಗರು ದನಿ ತೆಗೆಯುತ್ತಾರೆ. ಹಾಗಾದರೆ ಆ ಎರಡು ಸ್ವರವನ್ನು ಕೀಬೋರ್ಡಿನಲ್ಲಿ ಒತ್ತಿ ತೋರಿಸಿ.

ನಡೆಸುವುದು ಹೀಗೆ:

1. ಮಗುವಿಗೆ ಎದುರಾಗಿ, ಅದರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಡಬ್ಬಿ ನಿಮ್ಮ ಗಲ್ಲದ ಹತ್ತಿರ ಇರಲಿ, ಆಗ ಮಗು ಡಬ್ಬಿ ನೋಡಿದರೂ ಬಾಯಿ ಕಾಣುತ್ತದೆ.
2. ಡಬ್ಬಿಯನ್ನೇ ತಟ್ಟುತ್ತಾ ‘ಒಳಗೇನಿದೆ’ ಹಾಡಿ. ಮುಚ್ಚಳ ತೆಗೆಯಿರಿ. ಮೊದಲ ಮೂರು ಸಲ ಉತ್ತರವನ್ನೂ ನೀವೇ ಹಾಡಿ.
3. ನಾಲ್ಕನೇ ಸಲ ಪ್ರಶ್ನೆ ಮಾತ್ರ ಹಾಡಿ. ಬಾಯಿ ಮುಚ್ಚಿ. ಬೆರಳಿನಿಂದ ತಟ್ಟು ನಡೆಯುತ್ತಲೇ ಇರಲಿ. ಎಂಟು ತಟ್ಟು ಎಣಿಸುವವರೆಗೆ ಉಸಿರೆತ್ತಬೇಡಿ.
4. ಬರಲಿಲ್ಲವೇ? ಪ್ರಶ್ನೆ ಇನ್ನೊಮ್ಮೆ, ಮತ್ತೆ ಎಂಟು ತಟ್ಟು.
5. ಆಗಲೂ ಇಲ್ಲದಿದ್ದರೆ ಮೊದಲ ಸದ್ದು ಮಾತ್ರ ಕೊಡಿ: ‘ಹಾ…’
6. ಆಗಲೂ ಬರದಿದ್ದರೆ ಪೂರ್ತಿ ಹಾಡಿ ಹಾಲು ಕೊಟ್ಟುಬಿಡಿ.

ಆರನೆಯದನ್ನು ಎಂದೂ ಬಿಡಬೇಡಿ. ‘ಹೇಳಿದರೆ ಮಾತ್ರ ಕೊಡ್ತೀನಿ’ ಎಂದು ಹಿಡಿದಿಟ್ಟರೆ ಮಗು ಪದ ಕಲಿಯುವುದಿಲ್ಲ, ಡಬ್ಬಿ ಕಂಡರೆ ಅಳುವುದನ್ನು ಕಲಿಯುತ್ತದೆ.

ಎಂಟು ತಟ್ಟು ಎಂದರೆ ಸುಮಾರು ಐದು ಸೆಕೆಂಡು. ಹೇಳುವಾಗ ಚಿಕ್ಕದು, ಸುಮ್ಮನಿರುವಾಗ ಬಹಳ ಉದ್ದ. ಒಂದು ಸೆಕೆಂಡಿಗೇ ‘ಹೇಳು ಪುಟ್ಟಾ, ಹೇಳು, ಹಾಲು ಅನ್ನು’ ಎಂದು ದೊಡ್ಡವರ ಬಾಯಿ ತೆರೆದುಕೊಳ್ಳುತ್ತದೆ. ಪದ ಹುಡುಕಿ ತೆಗೆಯಲು ಈ ಮಕ್ಕಳಿಗೆ ಬೇಕಾಗುವ ಸಮಯವನ್ನೇ ನಾವು ತಿಂದುಹಾಕುತ್ತೇವೆ. ತಟ್ಟು ನಿಲ್ಲಿಸಬಾರದು ಎಂದದ್ದೂ ಇದಕ್ಕೇ. ತಾಳ ನಡೆಯುತ್ತಿದ್ದರೆ ಸರದಿ ತನ್ನದು ಎಂಬುದು ಮಗುವಿಗೆ ಗೊತ್ತಿರುತ್ತದೆ, ನಿಮಗೂ ಕೈಗೆ ಕೆಲಸವಿರುತ್ತದೆ.

ಉತ್ತರವಾಗಿ ಏನು ಬಂದರೂ ಮೊದಲ ವಾರ ಒಪ್ಪಿಕೊಳ್ಳಿ. ‘ಆಉ’ ಎಂದರೂ ಸರಿ, ಕೈ ಚಾಚಿದರೂ ಸರಿ. ತಿದ್ದಬೇಡಿ, ‘ಹಾಲು! ಹಾಲು ಬೇಕು’ ಎಂದು ಸರಿಯಾದ ರೂಪವನ್ನು ನೀವು ಹೇಳಿ ಮುಂದುವರಿಯಿರಿ.

ಡಬ್ಬಿಯೊಳಗಿನ ವಸ್ತುವನ್ನು ಪ್ರತಿ ಸಲ ಬದಲಿಸುತ್ತಿರಿ. ಪ್ರಶ್ನೆ ಅದೇ, ಉತ್ತರ ಬೇರೆ. ಬಾಯಿಪಾಠಕ್ಕೂ ಮಾತಿಗೂ ಇರುವ ವ್ಯತ್ಯಾಸ ಇಲ್ಲಿ ತೀರ್ಮಾನವಾಗುತ್ತದೆ. ಉತ್ತರ ಒಂದೇ ಆಗಿದ್ದರೆ ಮಗು ಡಬ್ಬಿ ನೋಡದೆಯೇ ಹಾಡು ಮುಗಿಸುತ್ತದೆ.

ಕೆಲವು ಮಕ್ಕಳು ಉತ್ತರದ ಬದಲು ಪ್ರಶ್ನೆಯನ್ನೇ ತಿರುಗಿ ಹಾಡುತ್ತಾರೆ. ಬೈಯಬೇಡಿ, ಇನ್ನೊಬ್ಬರನ್ನು ಸೇರಿಸಿಕೊಳ್ಳಿ. ಅಜ್ಜಿಯೋ ಅಕ್ಕನೋ ಮಗುವಿನ ಪಕ್ಕ, ಮಗುವಿನ ಕಡೆಯವರಾಗಿ ಕುಳಿತು ಉತ್ತರ ಮಾತ್ರ ಹಾಡಲಿ. ಪ್ರಶ್ನೆ ಎದುರಿನವರದು, ಉತ್ತರ ನಮ್ಮದು ಎಂಬುದು ಕೂರುವ ಜಾಗದಿಂದಲೇ ತಿಳಿಯುತ್ತದೆ.

ಹಂತ 5: ಪದದ ಬಾಲ

ಐದರಲ್ಲಿ ನಾಲ್ಕು ಪದ ನೆರವಿಲ್ಲದೆ ಬರತೊಡಗಿದ ಮೇಲೆ ಪ್ರತ್ಯಯಕ್ಕೆ ಬನ್ನಿ. ಭಾಷೆಯ ತೊಂದರೆ ಇರುವ ಮಕ್ಕಳು ‘ಅಜ್ಜಿ ಕೊಡು’ ಅನ್ನುತ್ತಾರೆ, ‘ಗೆ’ ಬಿದ್ದುಹೋಗಿರುತ್ತದೆ. ಅದು ಚಿಕ್ಕದು, ಪದದ ತುದಿಯಲ್ಲಿದೆ, ಮಾತಿನ ಓಟದಲ್ಲಿ ಕಿವಿಗೆ ಸಿಗುವುದಿಲ್ಲ. ಹಾಡು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಕನ್ನಡದಲ್ಲಿ ಒಂದೇ ಪದದ ಉತ್ತರ ಪೂರ್ಣ ಉತ್ತರ, ಆ ಪದದ ಕೊನೆಗೆ ಪ್ರತ್ಯಯ, ಅದರ ಬೆನ್ನಿಗೆ ಖಾಲಿ ತಟ್ಟು.

ಯಾ | ರಿಗೆ | ಕೊಡ್ | ಲಿ
ಅಜ್ | ಜಿಗೆ | (ಖಾಲಿ) | (ಖಾಲಿ)

ಎಲ್ | ಲಿದೆ | ಚೆಂ | ಡು
ಬುಟ್ | ಟೀ | ಲಿ | (ಖಾಲಿ)

ಒಂದು ಸಲಕ್ಕೆ ಒಂದೇ ಪ್ರತ್ಯಯ. ‘ಗೆ’ಗೆ ಹತ್ತು ದಿನ, ಆಮೇಲೆ ‘ಅಲ್ಲಿ’. ಕೈಯಲ್ಲಿ ಕೆಲಸ ಇರಲೇಬೇಕು: ಅಜ್ಜಿಗೆ ಎಂದರೆ ಲೋಟ ನಿಜವಾಗಿ ಅಜ್ಜಿಯ ಕೈಗೆ ಹೋಗಬೇಕು. ಮಗು ಬರೀ ‘ಅಜ್ಜಿ’ ಎಂದರೆ ಲೋಟ ಹಿಡಿದುಕೊಂಡು ‘ಅಜ್ಜಿ…’ ಎಂದು ಎಳೆದು, ತುದಿಯ ‘ಗೆ’ ಜಾಗದಲ್ಲಿ ಬರೀ ತಟ್ಟಿ, ಅದನ್ನು ಮಗುವಿಗೆ ಬಿಡಿ.

ಕ್ರಿಯಾಪದದ ಹೊಂದಾಣಿಕೆಗೂ ಇದೇ ದಾರಿ. ಗೊಂಬೆ, ಫೋಟೋ ಇಟ್ಟುಕೊಂಡು ಮೊದಲೆರಡು ತಟ್ಟು ನೀವು, ಕೊನೆಯೆರಡು ಮಗು:

ಬೆಕ್ | ಕು | ಬಂ | ತು
ಅಣ್ | ಣ | ಬಂ | ದ
ಅಕ್ | ಕ | ಬಂದ್ | ಲು

ಮೂರನೇ ತಟ್ಟು ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಅರ್ಥ ಬೇರೆಯಾಗುವುದು ಕೊನೆಯ ತಟ್ಟಿನಲ್ಲಿ, ಹಾಗಾಗಿ ಅದನ್ನು ಸ್ವಲ್ಪ ಗಟ್ಟಿಯಾಗಿ ಬಾರಿಸಿ. ಈ ಮೂರನ್ನೂ ಒಂದೇ ದಿನ ಶುರು ಮಾಡಬೇಡಿ. ‘ಬಂತು’, ‘ಬಂದ’ ಎರಡರ ವ್ಯತ್ಯಾಸ ನಿಂತ ಮೇಲೆ ‘ಬಂದ್ಲು’.

ಹಂತ 6: ಹಾಡನ್ನು ಕಳಚುವುದು

ಹೆಚ್ಚಿನವರು ಐದನೇ ಹಂತಕ್ಕೇ ಖುಷಿಯಾಗಿ ನಿಲ್ಲಿಸುತ್ತಾರೆ. ಮಗು ಹಾಡಿನೊಳಗೆ ಚೆನ್ನಾಗಿ ಉತ್ತರಿಸುತ್ತದೆ, ಊಟಕ್ಕೆ ಕೂತಾಗ ಮತ್ತೆ ಮೌನ. ಹಾಡೆಂಬುದು ಮನೆ ಕಟ್ಟುವಾಗಿನ ಸಾರುವೆ, ಗೋಡೆ ನಿಂತ ಮೇಲೆ ಬಿಚ್ಚಬೇಕು. ಒಂದೊಂದೇ ಪಟ್ಟಿ ಬಿಚ್ಚಿ, ಪ್ರತಿಯೊಂದಕ್ಕೂ ನಾಲ್ಕರಿಂದ ಏಳು ದಿನ ಕೊಡಿ:

1. ರಾಗ ಬಿಡಿ, ತಟ್ಟು ಇರಲಿ. ‘ಒಳಗೇನಿದೆ’ ಎಂದು ಲಯದಲ್ಲಿ ಹೇಳಿ.
2. ತಟ್ಟು ಬಿಡಿ, ಒಂದು ಬೆರಳು ಮಾತ್ರ ಮೊಣಕಾಲ ಮೇಲೆ ಆಡಲಿ.
3. ಬೆರಳೂ ಬಿಡಿ. ಸಹಜ ವೇಗದಲ್ಲಿ ‘ಒಳಗೇನಿದೆ?’ ಎಂದು ಕೇಳಿ, ಆದರೆ ಆ ಐದು ಸೆಕೆಂಡು ಕಾಯುವುದನ್ನು ಬಿಡಬೇಡಿ.
4. ಡಬ್ಬಿ ಬದಲಿಸಿ: ಅಪ್ಪನ ಚೀಲ, ಫ್ರಿಜ್ಜು, ಅಂಗಡಿಯ ಕವರು.
5. ಕೇಳುವವರನ್ನು ಬದಲಿಸಿ: ಅತ್ತೆ, ಪಕ್ಕದ ಮನೆಯ ಅಜ್ಜ, ಅಂಗನವಾಡಿ ಟೀಚರ್.

ಎರಡನ್ನು ಒಟ್ಟಿಗೆ ಬದಲಿಸಿದರೆ ಮಗು ಎಡವಿದಾಗ ಕಾರಣ ಯಾವುದೆಂದು ತಿಳಿಯುವುದಿಲ್ಲ. ಎಡವಿದರೆ ಒಂದೇ ಮೆಟ್ಟಿಲು ಹಿಂದೆ ಹೋಗಿ, ಪೂರ್ತಿ ಹಾಡಿಗೆ ಮರಳಬೇಡಿ.

ದಿನದ ಹದಿನೈದು ನಿಮಿಷ

ವಾರಕ್ಕೆ ಐದು ದಿನ, ಒಂದೇ ಹೊತ್ತು. ಹಸಿವು, ನಿದ್ದೆಯ ಸಮಯ ಬೇಡ. ಎರಡು ನಿಮಿಷ ಒಟ್ಟಿಗೆ ತಟ್ಟುವುದು, ಮೂರು ನಿಮಿಷ ಪದದ ಚಪ್ಪಾಳೆ, ಏಳು ನಿಮಿಷ ಡಬ್ಬಿಯ ಹಾಡು ಅಥವಾ ಪ್ರತ್ಯಯದ ಹಾಡು. ಉಳಿದ ಮೂರು ನಿಮಿಷ ಹಾಡಿಲ್ಲದೆ ಅದೇ ವಸ್ತುಗಳ ಜೊತೆ ಸುಮ್ಮನೆ ಆಟ. ಸಮಯ ಸಾಲದಿದ್ದರೆ ಮೊದಲಿನದರಲ್ಲಿ ಕಡಿಮೆ ಮಾಡಿ. ಕೊನೆಯ ಮೂರು ನಿಮಿಷಕ್ಕೆ ಕೈ ಹಾಕಬೇಡಿ, ಹಾಡಿನ ಪದ ಮಾತಾಗಿ ಹೊರಬೀಳುವುದು ಅಲ್ಲೇ. ಟಿವಿ, ಮಿಕ್ಸಿ ಬಂದ್ ಇರಲಿ.

ಕ, ತ, ಟ ಅದಲುಬದಲಾಗುವ ಮಕ್ಕಳಿಗೆ

ಪದ ಸಾಕಷ್ಟಿದ್ದು ಉಚ್ಚಾರವಷ್ಟೇ ತೊಡಕಾಗಿರುವ ಮಕ್ಕಳಿಗೆ ಮೃದಂಗದ ಸೊಲ್ಕಟ್ಟು, ಅಂದರೆ ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳು, ಕೆಲಸಕ್ಕೆ ಬರುತ್ತದೆ. ‘ತಕಿಟ’ದಲ್ಲಿ ನಾಲಿಗೆ ಮೂರು ಕಡೆ ಹೋಗುತ್ತದೆ: ತ ಹಲ್ಲಿಗೆ, ಕ ಗಂಟಲ ಕಡೆಗೆ, ಟ ಅಂಗುಳಕ್ಕೆ ಮಡಚಿ. ‘ಕಾಲು’ ಬದಲು ‘ತಾಲು’ ಅನ್ನುವ ಮಗುವಿಗೆ ಮೊದಲು ಬರೀ ‘ಕ, ಕ, ಕ’ ನಾಲ್ಕು ತಟ್ಟಿಗೆ, ಆಮೇಲೆ ‘ತಕ ತಕ’, ಅದು ನಿಂತ ಮೇಲೆ ‘ತಕಿಟ’. ಕನ್ನಡಿಯ ಮುಂದೆ, ನಿಧಾನವಾಗಿ. ಪ್ರತಿ ಸುತ್ತಿನ ಕೊನೆಗೂ ನಿಜವಾದ ಪದ ಬರಲಿ: ‘ತಕ ತಕ – ಕಾಲು’, ‘ತಕ ತಕ – ಕಾಗೆ’. ಸೊಲ್ಕಟ್ಟಿನಲ್ಲೇ ನಿಂತರೆ ಮಗು ತಕಧಿಮಿ ಸ್ಪಷ್ಟವಾಗಿ ಹೇಳಿ, ಮಾತಿನಲ್ಲಿ ಮತ್ತೆ ‘ತಾಲು’ ಎನ್ನುತ್ತದೆ. ವೇಗದ ಆಸೆಗೆ ಬೀಳಬೇಡಿ, ಎರಡನೇ ಕಾಲ ಮೂರನೇ ಕಾಲ ಇಲ್ಲಿ ಬೇಕಿಲ್ಲ. ನಾಲ್ಕು ವರ್ಷದೊಳಗಿನ ಮಗುವಿಗೆ ರ ಬರುತ್ತಿಲ್ಲವೆಂದರೆ ಅದರ ಹಿಂದೆ ಬೀಳುವುದೂ ಬೇಡ.

ಉಗ್ಗುವ ಮಕ್ಕಳ ಮಾತು ಬೇರೆ. ಹಾಡುವಾಗ ಅವರಲ್ಲಿ ಹೆಚ್ಚಿನವರು ಉಗ್ಗುವುದಿಲ್ಲ, ಆದರೆ ಆ ಸರಾಗ ತಾನಾಗಿ ಮಾತಿಗೆ ಇಳಿಯುವುದಿಲ್ಲ. ‘ಹಾಡಿನಲ್ಲಿ ಬರುತ್ತಲ್ಲ, ಮಾತಲ್ಲೂ ಹಾಗೇ ಹೇಳು’ ಎಂದರೆ ಉಗ್ಗು ಹೆಚ್ಚಬಹುದು. ಅವರಿಗೆ ವಾಕ್ ಚಿಕಿತ್ಸಕರ ಸಲಹೆ ಇಲ್ಲದೆ ಈ ಕ್ರಮ ಬೇಡ.

ಅಂಗನವಾಡಿಯಲ್ಲಿ, ಗುಂಪಿನಲ್ಲಿ

ಇಪ್ಪತ್ತೈದು ಮಕ್ಕಳ ಕೋರಸ್‌ನಲ್ಲಿ ಮಾತು ಬಾರದ ಮಗು ಬಾಯಿ ಆಡಿಸಿ ಪಾರಾಗುತ್ತದೆ. ಪ್ರಶ್ನೆಯನ್ನು ಎಲ್ಲರೂ ಹಾಡಲಿ, ಉತ್ತರ ಡಬ್ಬಿ ಹಿಡಿದವರದು ಮಾತ್ರ. ಈ ಮಗುವಿನ ಸರದಿ ಮೂರನೆಯದೋ ನಾಲ್ಕನೆಯದೋ ಇರಲಿ. ಮೊದಲಾದರೆ ಮಾದರಿ ಕೇಳಿರುವುದಿಲ್ಲ, ಕೊನೆಯಾದರೆ ಎಲ್ಲರ ಗಮನ ಚದುರಿರುತ್ತದೆ. ‘ಅವನಿಗೆ ಬರಲ್ಲ ಟೀಚರ್’ ಎಂದು ಬೇರೆ ಮಗು ಉತ್ತರ ಕಿತ್ತುಕೊಂಡರೆ ಆ ಮಗುವಿನ ಕೈಗೆ ಕೋಲು ಕೊಟ್ಟು ತಾಳ ಹಾಕುವ ಕೆಲಸ ಒಪ್ಪಿಸಿ.

ಶ್ರವಣ ಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಅಳವಡಿಸುವ ಸಾಧನ) ಇರುವ ಮಗುವಿದ್ದರೆ ಗೆಜ್ಜೆ, ಗಿಲಕಿ ಎಲ್ಲಾ ಪಕ್ಕಕ್ಕಿಡಿ. ಗದ್ದಲದಲ್ಲಿ ಮಾತು ಮುಳುಗಿಹೋಗುತ್ತದೆ. ಇಂಪ್ಲಾಂಟಿನಲ್ಲಿ ತಾಳ ಚೆನ್ನಾಗಿ ಸಿಗುತ್ತದೆ, ಸ್ವರದ ಏರಿಳಿತ ಅಷ್ಟು ಸಿಗುವುದಿಲ್ಲ. ಹಾಗಾಗಿ ರಾಗ ಬಿಟ್ಟು ತಟ್ಟಿನಿಂದಲೇ ನಡೆಸಿ. ಮೂರು ಅಡಿಗಿಂತ ದೂರ ಕೂರಬೇಡಿ.

ನಿಲ್ಲಿಸಬೇಕಾದ ಸೂಚನೆಗಳು

ಮಗು ಕಿವಿ ಮುಚ್ಚಿಕೊಂಡರೆ ಸದ್ದು ಅತಿಯಾಗಿದೆ. ಬಕೆಟ್ ಬಿಟ್ಟು ತೊಡೆಯ ಮೇಲೆ ತಟ್ಟಿ. ಡಬ್ಬಿ ಕಂಡೊಡನೆ ಎದ್ದು ಓಡಿದರೆ ಎಲ್ಲೋ ಒತ್ತಾಯವಾಗಿದೆ, ಮೂರು ದಿನ ಬಿಟ್ಟು ಎರಡನೇ ಹಂತದಿಂದ ಶುರು ಮಾಡಿ. ಒಂದೇ ಸಾಲನ್ನು ದಿನವಿಡೀ ಹಾಡುತ್ತಾ ಯಾರನ್ನೂ ನೋಡದಿದ್ದರೆ ಆ ಹಾಡನ್ನು ನಿಲ್ಲಿಸಿ ಹೊಸ ಸಾಲು ಕಟ್ಟಿ, ಮಗುವಿನ ತಪಾಸಣೆಯೂ ಆಗಲಿ. ತಟ್ಟುವಾಗ ಮಧ್ಯೆ ಕೆಲ ಕ್ಷಣ ಕಣ್ಣು ನೆಟ್ಟು ಮೈಮರೆತಂತೆ ಆಗುವುದು, ಕರೆದರೂ ಓಗೊಡದಿರುವುದು ಮರುಕಳಿಸಿದರೆ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಮಕ್ಕಳ ವೈದ್ಯರಿಗೆ ತೋರಿಸಿ.

ಲೆಕ್ಕ ಇಡುವುದು ಹೇಗೆ

‘ಪರವಾಗಿಲ್ಲ, ಸುಧಾರಿಸಿದ್ದಾನೆ’ ಎಂಬುದು ಲೆಕ್ಕವಲ್ಲ. ಹದಿನೈದು ದಿನಕ್ಕೊಮ್ಮೆ, ಹಾಡು ನಡೆಯುವಾಗ ಅಲ್ಲ, ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಧ್ವನಿಮುದ್ರಿಸಿಕೊಳ್ಳಿ. ಯಾರೂ ಹೇಳಿಸದೆ, ಯಾರ ಹಿಂದೆಯೂ ಅನುಕರಿಸದೆ ಮಗು ತಾನಾಗಿ ಆಡಿದ ಪದಗಳನ್ನು ಮಾತ್ರ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನಾಂಕ, ಪದ, ಯಾರಿಗೆ ಹೇಳಿತು, ಇಷ್ಟು ಸಾಕು. ಎರಡು ಪದ ಜೋಡಿಸಿದ್ದರೆ ಅದಕ್ಕೆ ಅಡಿಗೆರೆ ಹಾಕಿ. ಹಾಡಿನ ಪದ ಊಟದ ತಟ್ಟೆಯ ಮುಂದೆ ಒಂದೇ ಒಂದು ಸಲ ಬಂದಿದ್ದರೂ ಆ ಪದಕ್ಕೆ ಹಾಡು ಕಳಚಲು ಶುರು ಮಾಡಬಹುದು. ಆರು ವಾರವಾದರೂ ಪುಟ ಖಾಲಿಯೇ ಇದ್ದರೆ ಹೊಸ ಹಾಡು ಹುಡುಕಬೇಡಿ. ನೋಟ್‌ಬುಕ್ಕನ್ನೂ ಧ್ವನಿಮುದ್ರಣವನ್ನೂ ತೆಗೆದುಕೊಂಡು ವಾಕ್ ಚಿಕಿತ್ಸಕರ ಬಳಿ ಹೋಗಿ. ಅಪರಿಚಿತ ಕೋಣೆಯಲ್ಲಿ ಮಗು ಬಾಯಿ ಬಿಡದಿದ್ದರೂ ಅವರಿಗೆ ನೋಡಲು, ಕೇಳಲು ಏನಾದರೂ ಇರುತ್ತದೆ.